ಬಾಯಿ ಆಡಿಸಿದರೆ ಸಾಕು

ವೆಸ್ಟ್ ಮಾಂಬಲಂ, ಚೆನ್ನೈ
೨ ಆಗಸ್ಟ್ ೨೦೨೪

ಅಕ್ಕಾ,

ಫೋನ್ ಎತ್ತುತ್ತಿಲ್ಲ ಅಂತ ಬೈಕೊಂಡಿರ್ತೀಯ. ಎತ್ತಿದ್ರೂ ಪ್ರಯೋಜನ ಇಲ್ಲ, ನಾನು ಮಾತಾಡೋ ಹಾಗಿಲ್ಲ. ಜುಲೈ ಹದಿನೆಂಟಕ್ಕೆ ಕುತ್ತಿಗೆಯಲ್ಲಿದ್ದ ಥೈರಾಯ್ಡ್ ಗಂಟು ತೆಗೆದರು. ಕೆಟ್ಟ ಗಂಟಲ್ಲ, ರಿಪೋರ್ಟ್ ಬಂದಿದೆ. ಮೊದಲೇ ಹೇಳಿದ್ರೆ ನೀನು ಅಂಗನವಾಡಿಗೆ ಬೀಗ ಹಾಕಿ ರೈಲು ಹತ್ತಿಬಿಡ್ತಿದ್ದೆ, ಅದಕ್ಕೇ ಹೇಳಲಿಲ್ಲ. ಎರಡು ತಿಂಗಳು ಮಾತು ಬೇಡ ಅಂದಿದ್ದಾರೆ ಡಾಕ್ಟರು.

ಮೆಸೇಜ್ ಮಾಡಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ನಿನ್ನ ಮಗಳ ಕೈಯಲ್ಲೇ ಇರುತ್ತೆ, ಅನು ಓದಿದ್ದು ಅರ್ಧ ಗಂಟೇಲಿ ಊರಿಗೆಲ್ಲ ಗೊತ್ತಾಗುತ್ತೆ. ಅದಕ್ಕೇ ಕಾಗದ. ಅವ್ವ ಇದ್ದಿದ್ರೆ ಖುಷಿಪಡ್ತಿದ್ದಳು.

ಕಾಲೇಜಿಗೆ ಸೋಮವಾರದಿಂದ ಹೋಗ್ತಿದ್ದೀನಿ. ನುಂಗಂಬಾಕ್ಕಂವರೆಗೆ ಲೋಕಲ್ ಟ್ರೇನ್, ಅಲ್ಲಿಂದ ನಡೆದು ಹತ್ತು ನಿಮಿಷ. ನನ್ನ ಕಾಯರ್‌ನಲ್ಲಿ, ಅದೇ ಒಟ್ಟಿಗೆ ಹಾಡೋ ತಂಡದಲ್ಲಿ, ಮಕ್ಕಳು ನಲವತ್ತು ಜನ ಇದ್ದಾರೆ. ಅವರು ಹಾಡ್ತಾರೆ, ನಾನು ಕೈಯಲ್ಲಿ ತೋರಿಸ್ತೀನಿ, ಮಾತಿನ ಅಗತ್ಯ ಕಡಿಮೆ. ಮೈಲಾಪೂರಲ್ಲಿ ಹೋಟೆಲ್ ಇಟ್ಟಿರೋ ಶೀನಣ್ಣ ಅಂತ ನಮ್ಮ ಕರಾವಳಿ ಕಡೆಯವರು, ಅವರ ಮಗಳು ವೀಕ್ಷಾ ನನ್ನ ಕಾಯರ್‌ನಲ್ಲಿದ್ದಾಳೆ. ಅವರು ದಿನಾ ಒಂದು ಡಬ್ಬಿ ಗಂಜಿ ಕಳಿಸ್ತಿದ್ದಾರೆ. ಕುಡೀತೀನಿ. ರುಚಿ ಗೊತ್ತಾಗ್ತಿಲ್ಲ.

ಹಾಡೋದಕ್ಕೆ ಏನೂ ತೊಂದರೆ ಆಗಲ್ಲ ಅಂದಿದ್ದಾರೆ. ಯೋಚನೆ ಮಾಡಬೇಡ.

ತೇಜು

*

ಪಾಂಡವಪುರ
೧೪ ಆಗಸ್ಟ್ ೨೦೨೪

ತೇಜೂ,

ನಿನ್ನ ಕಾಗ್ದ ಓದಿ ಮೊದ್ಲು ಒಂದು ಲೋಟ ನೀರು ಕುಡಿದೆ. ಅಲ್ಲ ಕಣಮ್ಮಿ, ಕುತ್ತಿಗೆ ಕುಯ್ಸ್ಕೊಂಡು ಹದಿನೈದು ದಿನ ಆದ್ಮೇಲೆ ಹೇಳ್ತೀಯಲ್ಲ, ನಾನೇನು ಪಕ್ಕದ ಮನೆಯವಳಾ? ಅವ್ವ ಇಲ್ಲ, ಅಪ್ಪಾಜಿ ಇಲ್ಲ, ಇರೋದು ನಾವಿಬ್ರು. ನಿಮ್ಮ ಭಾವ ಮಂಜುನಾಥ ಸಾಹೇಬ್ರು ಮಾತ್ರ "ಎರಡು ತಿಂಗಳು ಮಾತಾಡೋ ಹಂಗಿಲ್ವಂತಾ? ಆ ಡಾಕ್ಟರ್ ಅಡ್ರೆಸ್ ನಿಂಗೂ ಕೇಳು" ಅಂದ್ರು. ಅವತ್ತು ಸಾರಿಗೆ ಉಪ್ಪು ಹಾಕ್ಲಿಲ್ಲ ನಾನು.

ಒಳ್ಳೆ ಸುದ್ದಿ ಒಂದೈತೆ. ಅನೂಗೆ ಗಂಡು ಗೊತ್ತಾಯ್ತು. ರೂಪೇಶ್ ಅಂತ, ಕೆ.ಆರ್. ನಗರದ ಕಡೆಯೋರು, ಪಶು ಆಸ್ಪತ್ರೇಲಿ ಡಾಕ್ಟರು. ಮಾಘದಲ್ಲಿ ಮದ್ವೆ, ಫೆಬ್ರವರಿ ಒಂಬತ್ತು. ಹಿಂದಿನ ದಿನ ಅರಿಶಿಣ, ನಮ್ಮನೆ ಚಪ್ಪರದಲ್ಲೇ. ಹಸೆಗೆ ಕರೆಯೋ ಸೋಬಾನೆ ಪದ ನೀನೇ ಹೇಳ್ಬೇಕು. ನಮ್ಮ ಮನೇಲಿ ಅದನ್ನ ಬೇರೆಯವರ ಬಾಯಲ್ಲಿ ಹೇಳ್ಸಿದ್ದೇ ಇಲ್ಲ. ಅಜ್ಜಿ ಆದ್ಮೇಲೆ ಅವ್ವ ಹೇಳಿದ್ಲು, ಅವ್ವನ ಮೇಲೆ ನೀನು. ನೀನು ಒಂದು ಸೊಲ್ಲು ಎತ್ತಿಕೊಟ್ರೆ ಹಿಂದೆ ಹೇಳೋಕೆ ಕೇರಿ ಹೆಂಗಸರೆಲ್ಲ ಅವ್ರೆ.

ನಿಮ್ಮ ಕಾಲೇಜಲ್ಲಿ ಕೈ ಬೀಸೋದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯವಂತೆ. ಇಲ್ಲಿ ಬೀಸಣಿಗೆ ಬೀಸಿದ್ರೂ ಯಾರೂ ಕೇಳಲ್ಲ.

ನಿನ್ನ ಅಕ್ಕ
ಸುಗುಣಾ

*

ವೆಸ್ಟ್ ಮಾಂಬಲಂ
೨೦ ಸೆಪ್ಟೆಂಬರ್ ೨೦೨೪

ಅಕ್ಕಾ,

ಅನು ಸುದ್ದಿ ಕೇಳಿ ಸಂತೋಷ ಆಯ್ತು. ಆಯ್ತು ಅಂತಲೇ ಬರೀಬೇಕು, ಬರೆದಿದ್ದೀನಿ. ಇತ್ತೀಚೆಗೆ ಎಲ್ಲವೂ ಗಾಜಿನ ಆಚೆ ನಡೆದ ಹಾಗೆ ಕಾಣುತ್ತೆ, ತಪ್ಪು ತಿಳೀಬೇಡ. ಗಾಯದ ಸುತ್ತ ಚರ್ಮ ಇನ್ನೂ ಜೋಮು ಹಿಡಿದಿದೆ, ಮುಟ್ಟಿದರೆ ಬೇರೆ ಯಾರದೋ ಕುತ್ತಿಗೆ ಅನ್ನಿಸುತ್ತೆ.

ಮಾತು ಬಂದಿದೆ. ಸ್ವಲ್ಪ ಒಡಕು. ಫೋನ್ ಮಾಡಿದ್ರೆ ನೀನು ಹೆದರ್ತೀಯ, ಇನ್ನೂ ಕೆಲವು ದಿನ ಕಾಗದವೇ ಇರಲಿ.

ಡಿಸೆಂಬರ್ ಕಾರ್ಯಕ್ರಮಕ್ಕೆ ತಯಾರಿ ನಡೆದಿದೆ. ಹಾಡು ಶುರುವಾಗೋ ಮುಂಚೆ ಮಕ್ಕಳಿಗೆ ಶ್ರುತಿ ಕೊಡೋದು ಕಾಯರ್ ನಡೆಸೋ ಕಂಡಕ್ಟರ್ ಕೆಲಸ, ಹದಿನಾಲ್ಕು ವರ್ಷದಿಂದ ನಾನೇ ಗುನುಗಿ ಕೊಡ್ತಿದ್ದೆ. ಈ ವರ್ಷ ಸಾಯಿ ಅನ್ನೋ ಹುಡುಗಿ ಕೈಲಿ ಕೊಡಿಸ್ತಿದ್ದೀನಿ, ಅವಳಿಗೆ ಕಲಿಕೆ ಆಗಲಿ ಅಂತ ಎಲ್ಲರಿಗೂ ಹೇಳಿದ್ದೀನಿ. ಎಲ್ಲರೂ ನಂಬಿದ್ದಾರೆ. ಪ್ರಿನ್ಸಿಪಾಲರು ಅದನ್ನ ಮೀಟಿಂಗ್‌ನಲ್ಲಿ ಹೊಗಳಿದರು.

ಶೀನಣ್ಣ ಕಾರ್ಯಕ್ರಮಕ್ಕೆ ಮುಂದಿನ ಸಾಲಲ್ಲಿ ನಾಲ್ಕು ಸೀಟು ಕೇಳಿದ್ದಾರೆ. ಮಗಳು ಹಾಡ್ತಾಳೆ ಅಂತ ಹೋಟೆಲ್‌ಗೆ ಬಂದವರಿಗೆಲ್ಲ ಹೇಳ್ತಾರಂತೆ. ವೀಕ್ಷಾಗೆ ಶ್ರುತಿ ನಿಲ್ಲಲ್ಲ. ಅವಳನ್ನ ಎರಡನೇ ಸಾಲಲ್ಲಿ ನಿಲ್ಲಿಸಿದ್ದೀನಿ.

ಸೋಬಾನೆ ವಿಷಯ ಆಮೇಲೆ ಮಾತಾಡೋಣ. ಫೆಬ್ರವರಿಗೆ ಇನ್ನೂ ದೂರ ಇದೆ. ಈಗೆಲ್ಲ ಚಪ್ಪರದಲ್ಲಿ ಸ್ಪೀಕರ್ ಹಾಕ್ತಾರಲ್ಲ, ಅದೂ ಚೆನ್ನಾಗಿರುತ್ತೆ.

ತೇಜು

*

ಪಾಂಡವಪುರ
೬ ಅಕ್ಟೋಬರ್ ೨೦೨೪

ತೇಜು,

ಸ್ಪೀಕರ್ರಾ?

ನಿಮ್ಮ ಪ್ರಿನ್ಸಿಪಾಲ್ರು ಕೇಳಿದ್ರೆ ನಾಕು ಗಂಟೆ ನಿಂತು ಹಾಡ್ತೀಯ. ಅವ್ವ ಕಲ್ಸಿದ್ದನ್ನ ಅವ್ವನ ಮೊಮ್ಮಗಳ ಹಸೆ ಮುಂದೆ ಹತ್ತು ನಿಮಿಷ ಹೇಳು ಅಂದ್ರೆ ಸ್ಪೀಕರ್ ಹಾಕ್ಸು ಅಂತೀಯ. ನಿಮ್ಮ ಇಂಗ್ಲಿಷ್ ಹಾಡಿನ ಮುಂದೆ ನಮ್ಮ ಪದ ಚಿಕ್ಕದಾಯ್ತಾ? ಹತ್ತಿದ ಮೇಲೆ ಏಣಿ ಒದೆಯೋದು ಅಂದ್ರೆ ಇದೇ ಕಣೇ. ನಿನ್ನ ಮೈಸೂರಿಗೆ ಓದೋಕೆ ಕಳ್ಸೋವಾಗ ಅವ್ವ ಕಿವಿ ಓಲೆ ಬಿಚ್ಚಿ ಕೊಟ್ಲು, ಅದನ್ನೂ ನಾನು ನೆನಪಿಸ್ಬೇಕಾ.

ಅನು ದಿನಾ ಕೇಳ್ತಾಳೆ, ಚಿಕ್ಕಿ ಯಾವಾಗ ಬತ್ತಾಳೆ, ಯಾವ ರಾಗದಲ್ಲಿ ಹೇಳ್ತಾಳೆ ಅಂತ. ಒಂದ್ಸಲ ಹಾಡಿ ಅವಳ ಫೋನಿಗೆ ಕಳ್ಸು. ಹಿಂದೆ ಹೇಳೋ ಹೆಂಗಸರಿಗೆ ಕೇಳಿಸ್ಬೇಕು, ಎಲ್ಲಾರೂ ಮರ್ತವ್ರೆ.

ಹಾಡೋಕೆ ಇಷ್ಟ ಇಲ್ಲದಿದ್ರೆ ಅದನ್ನೂ ನೇರವಾಗಿ ಬರಿ. ಸುತ್ತಿ ಬಳಸಿ ಬೇಡ.

ಸುಗುಣಾ

*

ವೆಸ್ಟ್ ಮಾಂಬಲಂ
೧೨ ನವೆಂಬರ್ ೨೦೨೪

ಅಕ್ಕಾ,

ಅನು ಫೋನಿಗೆ ಹಾಡು ಕಳಿಸಿದ್ದೀನಿ. ನಿನ್ನೆ ಸಂಜೆ ಅಡುಗೆಮನೇಲಿ ನಿಂತು ಹಾಡಿದೆ. ಹೆಂಗಸರಿಗೆ ಕೇಳಿಸು.

ತೇಜು

*

ಪಾಂಡವಪುರ
೨೪ ನವೆಂಬರ್ ೨೦೨೪

ತೇಜು,

ಕೇಳ್ದೆ. ಚೆನ್ನಾಗೈತೆ. ಅನು ನಾಕು ಸಲ ಹಾಕಿದ್ಲು. ಅವಳಿಗೆ ಗೊತ್ತಾಗ್ಲಿಲ್ಲ, ನಾನೂ ಹೇಳ್ಲಿಲ್ಲ.

ಮೂರನೇ ಸೊಲ್ಲು ಮುಗಿಯೋ ಹೊತ್ತಿಗೆ ಹಿಂದೆ ಯಾರೋ ಕೆಮ್ತಾರೆ. ಎರಡು ಸಲ ಚಿಕ್ಕದಾಗಿ, ಆಮೇಲೆ ಒಂದು ದೊಡ್ಡದು. ಆ ಕೆಮ್ಮು ನಂಗೆ ಗೊತ್ತಿಲ್ವಾ? ನಮ್ಮವ್ವ ಶಿವಲಿಂಗಮ್ಮ ಸತ್ತು ಮೂರು ವರ್ಷದ ಮೇಲಾಯ್ತು ತೇಜು. ನಿನ್ನೆ ಸಂಜೆ ಹಾಡಿದೆ ಅಂತ ಬರ್ದಿದೀಯಲ್ಲ, ನಿನ್ನ ಅಡುಗೆಮನೇಲಿ ಅವಳು ಹೆಂಗೆ ಕೆಮ್ಮಿದ್ಲು?

ಏನಾಗೈತೆ ನಿಂಗೆ? ನಿಜ ಹೇಳು.

ಅಕ್ಕ

*

ವೆಸ್ಟ್ ಮಾಂಬಲಂ
೧೬ ಡಿಸೆಂಬರ್ ೨೦೨೪

ಅಕ್ಕಾ,

ಅದು ೨೦೧೯ರದ್ದು. ಅವ್ವ ಇಲ್ಲಿಗೆ ಬಂದಿದ್ದಾಗ ಹೇಳಿಕೊಟ್ಟಳಲ್ಲ, ಆವಾಗ ರೆಕಾರ್ಡ್ ಮಾಡಿದ್ದು. ಕೆಮ್ಮು ನನಗೆ ಕೇಳಿಸಿರಲಿಲ್ಲ. ಇಷ್ಟು ವರ್ಷ ಕಿವಿಯಿಂದಲೇ ಅನ್ನ ತಿಂದವಳು ನಾನು. ಬರೀ ನನ್ನ ದನಿಯನ್ನೇ ಕೇಳಿಕೊಂಡಿದ್ದೆ ಅಂತ ಕಾಣುತ್ತೆ.

ದನಿ ಹೋಯ್ತು ಅಕ್ಕ. ಆಪರೇಷನ್ ಮುಂಚೆಯೇ ಡಾಕ್ಟರ್ ಹೇಳಿದ್ದರು, ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಬಿಡಿಸುವಾಗ ಏನಾಗುತ್ತೋ ಹೇಳೋಕಾಗಲ್ಲ ಅಂತ. ಸಹಿ ಹಾಕಿದ್ದು ನಾನೇ. ಒಂದು ಕಡೆಯ ನರ ಕೆಲಸ ಮಾಡ್ತಿಲ್ಲ. ಮಾತು ಇಷ್ಟೇ, ಪಿಸುಗುಟ್ಟಿದ ಹಾಗೆ. ಹಾಡು ಇಲ್ಲ. ಕಳೆದ ವಾರ ಮತ್ತೆ ನೋಡಿ, ಇನ್ನು ಕಾಯೋದು ಬೇಡ ಅಂದರು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದು ಎರಡು ಮೊಳ ಮಲ್ಲಿಗೆ ತಗೊಂಡೆ. ಯಾಕೆ ತಗೊಂಡೆ ಗೊತ್ತಿಲ್ಲ, ಫ್ರಿಜ್‌ನಲ್ಲೇ ಬಾಡಿತು. ಅಳು ಬರುತ್ತೇನೋ ಅಂತ ಕಾದೆ. ಬರಲಿಲ್ಲ.

ಕಾಲೇಜಲ್ಲಿ ಯಾರಿಗೂ ಹೇಳಿಲ್ಲ. ಧೂಳು, ಗಂಟಲು ಕಟ್ಟಿದೆ, ಇನ್ಫೆಕ್ಷನ್, ದಿನಕ್ಕೊಂದು. ಮಾರ್ಚ್ ಮೂರಕ್ಕೆ ಅಸೋಸಿಯೇಟ್ ಪ್ರೊಫೆಸರ್ ಬಡ್ತಿಗೆ ಸಂದರ್ಶನ ಇದೆ, ಅದರಲ್ಲಿ ಹತ್ತು ನಿಮಿಷ ಹಾಡಬೇಕು. ಎಂಟು ವರ್ಷ ಕಾದಿದ್ದು. ಹಾಡೋಕಾಗಲ್ಲ ಅಂತ ಗೊತ್ತಾದರೆ ಬಡ್ತಿ ಬಿಡು, ಕಾಯರ್ ಕೂಡ ಬೇರೆಯವರಿಗೆ ಹೋಗುತ್ತೆ. ದನಿ ಇಲ್ಲದವಳು ಹಾಡು ಕಲಿಸ್ತಾಳೆ ಅಂದ್ರೆ ಯಾರು ಒಪ್ತಾರೆ?

ಡಿಸೆಂಬರ್ ಕಾರ್ಯಕ್ರಮ ಚೆನ್ನಾಯ್ತು. ಮಕ್ಕಳ ಎದುರಿಗೆ ನಿಂತು ಪೂರ್ತಿ ಹಾಡಿಗೆ ಬಾಯಿ ಆಡಿಸಿದೆ. ನಮ್ಮ ಕೆಲಸದಲ್ಲಿ ಇದು ಹೊಸದಲ್ಲ. ಶ್ರುತಿ ನಿಲ್ಲದ ಮಕ್ಕಳು ಪ್ರತಿ ವರ್ಷ ನಾಲ್ಕೈದು ಜನ ಇರ್ತಾರೆ, ಅವರನ್ನ ಪಕ್ಕಕ್ಕೆ ಕರೆದು, ಸ್ಟೇಜಲ್ಲಿ ಬಾಯಿ ಮಾತ್ರ ಆಡಿಸಿ, ದನಿ ಬಿಡಬೇಡಿ ಅಂತ ಹೇಳ್ತೀನಿ. ಎಲ್ಲ ಕಂಡಕ್ಟರ್‌ಗಳೂ ಹೇಳ್ತಾರೆ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ವೀಕ್ಷಾ ಎರಡು ವರ್ಷದಿಂದ ಹಾಗೇ ನಿಲ್ತಿದ್ದಾಳೆ. ಮುಗಿದ ಮೇಲೆ ಶೀನಣ್ಣ ಬಂದು, "ಮೇಡಂ, ಅಷ್ಟು ಜನರಲ್ಲಿ ನನ್ನ ಮಗಳ ಸ್ವರ ಮಾತ್ರ ಬೇರೆಯೇ ಕೇಳ್ತದೆ ಮಾರ್ರೆ" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಸೀರೆಯ ಪಿನ್ನು ಸರಿ ಮಾಡಿಕೊಂಡೆ.

ಈಗ ನಾನೂ ಅವರ ಸಾಲಿಗೆ ಸೇರಿದೆ, ಅಷ್ಟೇ. ಅನುಗೆ ಹೇಳಬೇಡ. ಸೋಬಾನೆಗೆ ಬೇರೆ ಯಾರನ್ನಾದರೂ ನೋಡು.

ತೇಜು

*

ಪಾಂಡವಪುರ
೧೨ ಜನವರಿ ೨೦೨೫

ತೇಜೂ,

ನಿನ್ನ ಕಾಗ್ದ ಬಂದು ಇಪ್ಪತ್ತು ದಿನ ಆಯ್ತು. ಓದಿ ಬಚ್ಚಲಲ್ಲಿ ಕೂತು ಅತ್ತೆ. ನಿನ್ನ ಪಾಲಿನದ್ದೂ ನಾನೇ ಅತ್ತೆ ಅಂದ್ಕೋ. ನಾನು ಬೈದ್ನಲ್ಲ, ಏಣಿ ಒದ್ದೆ ಅಂತ, ಅದನ್ನ ಮನಸಲ್ಲಿ ಇಟ್ಕೋಬೇಡ.

ಆಮೇಲೆ ಎರಡನೇ ಸಲ ಓದ್ದೆ. ಆಗ ಸಿಟ್ಟು ಬಂತು. ಅದಕ್ಕೇ ಇಷ್ಟು ದಿನ ಬರೀಲಿಲ್ಲ.

ಬಾಯಿ ಮಾತ್ರ ಆಡ್ಸಿ ಅಂತೀನಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ ಅಂತ ಬರ್ದಿದೀಯ. ನೀನು ಹಂಗೆ ಹೇಳಿದ ಮೊದಲ್ನೇ ಹುಡುಗಿ ಯಾರು ಅಂತ ನೆನಪೈತಾ?

ನಾನು ಹತ್ತನೇ ಕ್ಲಾಸು, ನೀನು ಎಂಟು. ತಾಲ್ಲೂಕು ಮಟ್ಟದ ಸಮೂಹ ಗಾಯನ. ಆರು ಜನ ಇದ್ವಿ, ಮೇಷ್ಟ್ರು ನಿನ್ನನ್ನ ಲೀಡರ್ ಮಾಡಿದ್ರು. ಎರಡು ಜಡೆ, ಅವಕ್ಕೆ ಕೆಂಪು ಟೇಪು, ಎಲ್ಲಾನೂ ನಾನೇ ಕಟ್ಟಿದ್ದು ನಿಂಗೆ. ಸ್ಟೇಜ್ ಹತ್ತೋ ಮೆಟ್ಟಿಲ ಮೇಲೆ ನೀನು ತಿರುಗಿ, "ಅಕ್ಕ, ನೀನು ಬಾಯಿ ಆಡ್ಸಿದ್ರೆ ಸಾಕು, ದನಿ ಬಿಡಬೇಡ, ಕೆಡುತ್ತೆ" ಅಂದೆ. ಎಲ್ಲಾರೂ ಕೇಳಿಸ್ಕೊಂಡ್ರು. ನಾನು ಬಾಯಿ ಆಡ್ಸಿದೆ. ಫಸ್ಟ್ ಪ್ರೈಜ್ ಬಂತು, ಸ್ಟೀಲ್ ತಟ್ಟೆ. ಆ ತಟ್ಟೇಲಿ ಇವತ್ತೂ ನಿಮ್ಮ ಭಾವ ಮುದ್ದೆ ಉಣ್ತಾರೆ.

ಅವತ್ತಿಂದ ನಾನು ಹಾಡಿಲ್ಲ ತೇಜು. ಅನೂಗೆ ಲಾಲಿ ಹೇಳಿದ್ದು ಅವ್ವ. ನಾನು ತೊಟ್ಟಿಲು ತೂಗಿದೆ, ಅಷ್ಟೇ. ಹದಿನೇಳು ವರ್ಷ ಅಂಗನವಾಡಿ ಟೀಚರ್ ಆಗಿದೀನಿ, ಮಕ್ಕಳಿಗೆ ಹಾಡು ಹೇಳಿಕೊಡೋದೇ ಕೆಲಸ. ನಾನು ಚಪ್ಪಾಳೆ ತಟ್ತೀನಿ, ಬಾಯಿ ಆಡ್ಸ್ತೀನಿ, ಹಾಡೋದು ಫೋನು. ಸೂಪರ್‌ವೈಜರ್ ಬಂದ್ರೆ ಗಂಟಲು ಕಟ್ಟೈತೆ ಅಂತೀನಿ. ನೀನು ಈಗ ಹೇಳ್ತಿರೋ ಸುಳ್ಳೆಲ್ಲ ನಂಗೆ ಬಾಯಿಪಾಠ.

ನಿಂಗೆ ನೋವಾಗ್ಲಿ ಅಂತ್ಲೇ ಬರೀತಿದೀನಿ. ಏನಾದ್ರೂ ಒಂದು ಅನ್ನಿಸ್ಲಿ ನಿಂಗೆ.

ಈಗ ಕೆಲಸದ ಮಾತು. ಬೇರೆಯವರನ್ನ ಕರೆಯೋದಿಲ್ಲ. ನೀನು ಕಳ್ಸಿದ ಹಾಡು ಹಾಕ್ಕೊಂಡು, ಮಕ್ಕಳು ಮನೆಗೆ ಹೋದ ಮೇಲೆ ಅಂಗನವಾಡಿ ಬಾಗಿಲು ಮುಚ್ಕೊಂಡು ಕಲೀತಿದೀನಿ. ಹೆಂಗೆ ಬತ್ತದೋ ಹಂಗೆ ಹೇಳ್ತೀನಿ. ಚಪ್ಪರದಲ್ಲಿ ನೀನು ಮುಂದೆ ಕೂತ್ಕೋ, ನಾನು ನಿನ್ನ ಬೆನ್ನಿಗೆ ಕೂತ್ಕೊತೀನಿ. ಇಷ್ಟು ವರ್ಷ ನೀನು ಹೇಳಿದೀಯ, ಈ ಸಲಾನೂ ನೀನೇ ಹೇಳಿದ್ದು ಅಂತ ಜನ ತಿಳ್ಕೊತಾರೆ. ನಿನ್ನ ಗುಟ್ಟು ಗುಟ್ಟಾಗೇ ಇರುತ್ತೆ.

ನೀನು ಬಾಯಿ ಆಡ್ಸಿದ್ರೆ ಸಾಕು.

ಸುಗುಣಾ

*

ವೆಸ್ಟ್ ಮಾಂಬಲಂ
೧೭ ಫೆಬ್ರವರಿ ೨೦೨೫

ಅಕ್ಕಾ,

ಮದುವೆಯಿಂದ ಬಂದು ಒಂದು ವಾರ ಆಯ್ತು. ನೀನು ಕಟ್ಟಿಕೊಟ್ಟ ಚಿರೋಟಿ ಸ್ಟಾಫ್ ರೂಮಲ್ಲಿ ಹಂಚಿದೆ.

ನಿನ್ನ ಜನವರಿ ಕಾಗದಕ್ಕೆ ಉತ್ತರ ಬರೀಲಿಲ್ಲ, ನೇರವಾಗಿ ಬಂದುಬಿಟ್ಟೆ. ಬಂದ ಮೇಲೂ ಆ ಮಾತು ಎತ್ತಲಿಲ್ಲ. ನೀನು ನೆನಪೈತಾ ಅಂತ ಕೇಳಿದ್ದೆ. ಇರಲಿಲ್ಲ ಅಕ್ಕ. ತಟ್ಟೆ ನೆನಪಿತ್ತು, ಕೆಂಪು ಟೇಪು ನೆನಪಿತ್ತು. ಮೆಟ್ಟಿಲ ಮೇಲೆ ಹೇಳಿದ್ದು ಮಾತ್ರ ಇರಲಿಲ್ಲ. ಹೇಳಿದವಳಿಗೆ ಅದು ಅಷ್ಟು ಚಿಕ್ಕದು.

ಅರಿಶಿಣದ ದಿನದ್ದು ಹೇಳಬೇಕು. ನೀನು ಮೊದಲ ಸೊಲ್ಲು ಎತ್ತಿದಾಗ ಶ್ರುತಿ ಕೆಳಗೆ ಜಾರಿತು. ನನ್ನ ಬಲಗೈ ತಾನಾಗೇ ಮೇಲಕ್ಕೆ ಬಂತು, ಏರಿಸು ಅಂತ ತೋರಿಸೋಕೆ. ಕೈಯನ್ನ ತೊಡೆ ಕೆಳಗೆ ಇಟ್ಟು ಅದರ ಮೇಲೆ ಕೂತೆ. ನೀನು ಜಾರಿದ ಕಡೆಗೇ ಹೆಂಗಸರೂ ಜಾರಿ ಬಂದರು. ಮೂರನೇ ಸೊಲ್ಲಿಗೆ ಎಲ್ಲರೂ ಒಂದೇ ಕಡೆ ಇದ್ದರು. ಅವ್ವ ಹೇಳುವಾಗಲೂ ಹಾಗೇ ಆಗುತ್ತಿತ್ತು. ಅನು ತಲೆ ತಗ್ಗಿಸಿ ಅಳ್ತಿದ್ದಳು. ನಾನು ಬಾಯಿ ಆಡಿಸ್ತಿದ್ದೆ. ಬೆನ್ನ ಹಿಂದೆ ನಿನ್ನ ಉಸಿರು ತಾಗ್ತಿತ್ತು.

ಮುಗಿದ ಮೇಲೆ ನಮ್ಮ ಕೇರಿಯ ಚಿಕ್ಕತಾಯಮ್ಮಜ್ಜಿ ಕೋಲೂರಿಕೊಂಡು ಬಂದಳು. ಅವಳಿಗೆ ಕಣ್ಣು ಮಂಜು. ನನ್ನ ಗಲ್ಲ ಹಿಡಿದು, "ಶಿವಲಿಂಗಿ ಗಂಟ್ಲೇ ಕಣವ್ವ ನಿಂದು. ಇಷ್ಟು ವರ್ಸ ಹೇಳ್ದೆ, ಇವತ್ತು ನಿಮ್ಮವ್ವನೇ ಬಂದಂಗಾಯ್ತು" ಅಂದಳು. ನೀನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ನಾನು ತಲೆ ಆಡಿಸಿದೆ.

"ಅಕ್ಕ ಹೇಳಿದ್ದು ಅಜ್ಜಿ" ಅನ್ನೋಕೆ ಬೇಕಾದಷ್ಟು ದನಿ ನನ್ನಲ್ಲಿ ಇತ್ತು. ಅಷ್ಟು ಇದೆ. ಅನ್ನಲಿಲ್ಲ. ನೀನು ಆರತಿ ತಟ್ಟೆ ತಗೊಂಡು ಒಳಗೆ ಹೋದೆ. ಎರಡನೇ ಸಲ ಮಾಡಿದೆ ನಾನು ಅದನ್ನ, ಈ ಸಲ ಮರೆಯೋಕಾಗಲ್ಲ.

ವಾಪಸ್ ಬರುವಾಗ ಅರಕ್ಕೋಣಂ ದಾಟಿದ ಮೇಲೆ ಅಳು ಬಂತು. ಜುಲೈಯಿಂದ ಮೊದಲ ಸಲ. ಎದುರು ಸೀಟಿನ ಹೆಂಗಸು "ಎನ್ನಮ್ಮಾ ಆಚ್ಚು" ಅಂತ ನೀರಿನ ಬಾಟಲಿ ಕೊಟ್ಟಳು. ಏನಾಯ್ತಮ್ಮ ಅಂತ ಕೇಳಿದ್ದು. ನೀರು ಕುಡಿದೆ. ಪೆರಂಬೂರಿಗೆ ಬರೋ ಹೊತ್ತಿಗೆ ಅದೂ ನಿಂತಿತು.

ಶುಕ್ರವಾರ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟೆ. ದನಿ ಹೋಗಿದೆ, ಇನ್ನು ಬರಲ್ಲ, ಸಂದರ್ಶನದಲ್ಲಿ ಹಾಡಲ್ಲ, ಕಾಯರ್ ನಡೆಸೋದನ್ನ ನೋಡಿ ತೀರ್ಮಾನ ಮಾಡಿ ಅಂತ. ಬಡ್ತಿ ಕಷ್ಟ ಅಂದರು. ಮುಂದಿನ ವರ್ಷ ಕಾಯರ್ ಯಾರಿಗೆ ಅನ್ನೋದನ್ನೂ ನೋಡಬೇಕಾಗುತ್ತೆ ಅಂದರು. ಸರಿ ಅಂದೆ.

ಆಮೇಲೆ ಪ್ರಾಕ್ಟೀಸ್‌ನಲ್ಲಿ ಮಕ್ಕಳಿಗೂ ಹೇಳಿದೆ, ಮೈಕ್ ಇಲ್ಲದೆ. ಕೇಳಿಸಬೇಕಾದರೆ ಅವರು ಸುಮ್ಮನಿರಬೇಕಾಯ್ತು, ಇದ್ದರು. ಬಾಯಿ ಆಡಿಸಿ ಅಂತ ಹೇಳಿದ್ದು ತಪ್ಪು ಅಂತಲೂ ಹೇಳಿದೆ. ವೀಕ್ಷಾ ಕೈ ಎತ್ತಿದಳು. ಅವಳಿಗೆ ಕನ್ನಡ ಅರ್ಥ ಆಗುತ್ತೆ, ಬಾಯಿಗೆ ಬರೋದು ತಮಿಳೇ. "ಮಿಸ್, ಅಪ್ಪೊ ನಾನುಂ ಪಾಡಲಾಮಾ?" ಅಂತ ಕೇಳಿದಳು, ಹಾಗಾದ್ರೆ ನಾನೂ ಹಾಡಬಹುದಾ ಅಂತ. ಹಾಡು ಅಂದೆ. ಹಾಡಿದಳು. ಚೆನ್ನಾಗಿಲ್ಲ ಅಕ್ಕ. ಜೋರಾಗಿದೆ.

ಇದರ ಜೊತೆ ಒಂದು ಕಾರ್ಡ್ ಇಟ್ಟಿದ್ದೀನಿ, ಚಿಕ್ಕತಾಯಮ್ಮಜ್ಜಿಗೆ. ನೀನು ಓದಬಹುದು. ತಲುಪಿಸು.

ನಿನ್ನ ತೇಜು

*

ಪಾಂಡವಪುರ
೯ ಮಾರ್ಚ್ ೨೦೨೫

ತೇಜೂ,

ನೀನು ಪ್ರೊಫೆಸರ್ ಆಗಿರಬಹುದು, ಬುದ್ಧಿ ಮಾತ್ರ ಇನ್ನೂ ಎಂಟನೇ ಕ್ಲಾಸಲ್ಲೇ ಐತೆ. ಚಿಕ್ಕತಾಯಮ್ಮಜ್ಜಿಗೆ ಓದೋಕೆ ಬರಲ್ಲ ಕಣಮ್ಮಿ! ಕಣ್ಣು ಚೆನ್ನಾಗಿದ್ದಾಗ್ಲೂ ಬತ್ತಿರ್ಲಿಲ್ಲ, ಅಂಗಡಿಯವನು ಕೊಟ್ಟ ಚೀಟೀಗೂ ಹೆಬ್ಬೆಟ್ಟು ಒತ್ತೋಳು. ಕಾರ್ಡ್ ಹಿಡ್ಕೊಂಡು ನಾಕು ದಿನ ಓಡಾಡ್ದೆ. ಬೇರೆ ಯಾರ ಕೈಲಾದ್ರೂ ಓದ್ಸೋಣ ಅಂದ್ರೆ ನಿನ್ನ ಗುಟ್ಟು. ನಾನೇ ಓದೋಣ ಅಂದ್ರೆ ನನ್ನ ಹೊಗಳಿಕೇನ ನಾನೇ ಹೆಂಗೆ ಓದ್ಲಿ?

ಕೊನೆಗೆ ನೆನ್ನೆ ಮಧ್ಯಾಹ್ನ ಹೋದೆ. ಜಗಲಿ ಮೇಲೆ ಹುಣಸೆಹಣ್ಣು ಬಿಡಿಸ್ತಾ ಕೂತಿತ್ತು ಮುದುಕಿ. ಓದ್ದೆ. "ಅಜ್ಜಿ, ಅವತ್ತು ಹಸೆ ಮುಂದೆ ಪದ ಹೇಳಿದ್ದು ನಾನಲ್ಲ, ನಮ್ಮಕ್ಕ ಸುಗುಣಾ. ನನಗೆ ದನಿ ಇಲ್ಲ. ನೀವು ಹೇಳಿದ ಮಾತು ಅವಳದ್ದು, ನಾನು ತಗೊಂಡೆ, ವಾಪಸ್ ಕೊಡ್ತಿದೀನಿ." ಅಷ್ಟು ಓದೋ ಹೊತ್ತಿಗೆ ನಂಗೇ ಗಂಟಲು ಕಟ್ಟಿತು. ಈ ಸಲ ಸುಳ್ಳಲ್ಲ.

ಮುದುಕಿ ಬೀಜ ತೆಗೆಯೋದು ನಿಲ್ಸಿ, "ಹಂಗಾ? ಎಲ್ಲಿ, ಹೇಳು ನೋಡಾನ" ಅಂತು.

ನಂಬ್ಲಿಲ್ಲ ಅದು! ನಾನು ಸುತ್ತ ನೋಡ್ದೆ. ಮುಂದೆ ನೀನು ಇಲ್ಲ, ಹಿಂದೆ ಹೇಳೋ ಹೆಂಗಸರಿಲ್ಲ, ಫೋನು ಮನೇಲಿತ್ತು. ಮುದುಕಿ ನನ್ನ ಕಡೆ ಕಿವಿ ತಿರುಗ್ಸಿಕೊಂಡು ಕಾಯ್ತಾ ಇತ್ತು.

ಹೇಳಿದೆ. ಎಲ್ಲಾ ಒಂಬತ್ತು ಸೊಲ್ಲು. ಐದನೇದ್ರಲ್ಲಿ ತಪ್ಪಿತು, ನಿಲ್ಲಿಸ್ಲಿಲ್ಲ.

ಸುಗುಣಾ